ಕಮಾನಿನ ಕೆಳಗೆ ನಿಂತವನು

1982ರ ಫೆಬ್ರುವರಿ 16, ಮಂಗಳವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಿಸ್ತ್ರಿ ರಾಯಪ್ಪ ಬೆಳಗಾವಿಯ ಠಾಣೆಗೆ ಬಂದ. ಮೈಯೆಲ್ಲ ಗಾರೆಯ ಧೂಳು. ಇನ್‌ಸ್ಪೆಕ್ಟರ್ ಗುರುಪುತ್ರಪ್ಪ ಆಗಷ್ಟೇ ಚಹಾದ ಬಶಿ ಕೈಗೆತ್ತಿಕೊಂಡಿದ್ದರು.

“ಸಾಹೇಬ್ರ, ಹೊಸ ರೈಲ್ವೆ ಸ್ಟೇಷನ್ನಿನ ದೊಡ್ಡ ಕಮಾನು ಬಿತ್ರಿ. ನಮ್ಮ ಆಳು ಭರಮಪ್ಪ ಅದರ ಕೆಳಗ ಸಿಕ್ಕು ಸತ್ತ.”

“ಹೆಂಗ ಬಿತ್ತು?”

“ಕುಡುದು ಬಂದಿದ್ದರೀ. ಹೇಳದ ಕೇಳದ ಹೋಗಿ ಆಧಾರದ ಬೆಣೆ ಬಡದ.”

“ನೀ ಎಲ್ಲಿದ್ದಿ?”

“ಆಫೀಸಿನ್ಯಾಗ. ಫೋನ್ ಬಂದಿತ್ತರೀ.”

ಪೀರನವಾಡಿ ಕಡೆ ಏಳುತ್ತಿದ್ದ ಆ ಸ್ಟೇಷನ್ನಿನ ಕತೆ ಊರಿಗೆಲ್ಲ ಗೊತ್ತು. ಪಾಯ ಬಿದ್ದದ್ದು 1973ರಲ್ಲಿ. ನಕಾಶೆಯಲ್ಲಿ ಅದು ಅರಮನೆಯ ಹಾಗೇ ಇತ್ತು: ಕರಿಕಲ್ಲಿನ ಗೋಡೆ, ಎರಡು ಮಾಳಿಗೆಯಷ್ಟು ಎತ್ತರದ ಕಮಾನಿನ ಮುಂಬಾಗಿಲು, ಮೇಲೆ ಗಡಿಯಾರದ ಗೋಪುರ. ಆಮೇಲೆ ಸಿಮೆಂಟಿನ ಪರ್ಮಿಟ್ ಸಿಗಲಿಲ್ಲ, ನಕಾಶೆ ಬದಲಾಯಿತು, ಎಂಜಿನಿಯರುಗಳು ಒಬ್ಬರ ಹಿಂದೊಬ್ಬರು ವರ್ಗವಾಗಿ ಹೋದರು. ಗಡಿಯಾರವಿಲ್ಲದ ಗೋಪುರದಲ್ಲಿ ಪಾರಿವಾಳಗಳು ಮರಿ ಮಾಡಿದವು. ಲಗ್ನ ಮುಂದೆ ಹಾಕುತ್ತಾ ಬಂದ ಗಂಡಿಗೆ “ಯಾಕೋ, ಸ್ಟೇಷನ್ ಮುಗದ ಮ್ಯಾಲ ಮಾಡ್ಕೊತಿಯೇನು?” ಎಂದು ಮಂದಿ ಕಾಡಿಸುತ್ತಿದ್ದರು.

ಕಮಾನು ಕಟ್ಟುವಾಗ ಕಲ್ಲುಗಳನ್ನು ಹೊರಲು ಕೆಳಗೆ ಕಟ್ಟಿಗೆಯ ಆಧಾರ ಕೊಡುತ್ತಾರೆ. ನೆತ್ತಿಯ ಕಲ್ಲು ಕೂತು ಗಾರೆ ಬಲಿತ ಮೇಲೆ ಬೆಣೆಗಳನ್ನು ಬಡಿದು ತೆಗೆದರೆ ಆಧಾರ ಇಳಿಯುತ್ತದೆ, ಕಮಾನು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಅಂದು ಆ ಕೆಲಸವಿತ್ತು.

ಗುರುಪುತ್ರಪ್ಪ ಹೆಡ್ ಕಾನ್‌ಸ್ಟೇಬಲ್ ಬಾಳಪ್ಪನನ್ನು ಕರೆದುಕೊಂಡು ಹೋದರು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆಯಾಯಿತು. ಮೃತನ ಮೈಮೇಲೆ ಧೋತರ, ಅಂಗಿ, ತಲೆಗೆ ಜರಿಯಂಚಿನ ಹೊಸ ಕೇಸರಿ ರುಮಾಲು. ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಇನ್‌ಸ್ಪೆಕ್ಟರು ಒಂದೇ ಪ್ರಶ್ನೆ ಕೇಳಿದರು.

“ಭರಮಪ್ಪ ಕುಡೀತಿದ್ನೇನು?”

“ಕುಡೀತಿದ್ನರೀ.”

ಅಷ್ಟಕ್ಕೆ ಮುಗಿಯಿತು. ಊಟದ ಹೊತ್ತು ಬೇರೆ ಮೀರಿತ್ತು. ‘ಮೃತನು ಮದ್ಯದ ಅಮಲಿನಲ್ಲಿ ತಾನೇ ಬೆಣೆ ಬಡಿದು ಸಾವಿಗೀಡಾದದ್ದಾಗಿ ತಿಳಿದುಬರುತ್ತದೆ’ ಎಂದು ಬರೆದು, ಅಸಹಜ ಸಾವು ಎಂದು ದಾಖಲಿಸಿ ಸಹಿ ಜಡಿದರು. ಮರುದಿನ ಪತ್ರಿಕೆಯಲ್ಲೂ ಅದೇ ಬಂತು. ಸತ್ತವನ ಮೇಲೆ ಬರೆಯುವುದು ಎಷ್ಟು ಸಸಾರ ನೋಡಿ! ಅವನೇನು ಎದ್ದು ಬಂದು ಅಲ್ಲ ಅನ್ನುತ್ತಾನೆಯೇ?

ಭಾನುವಾರ ಭರಮಪ್ಪನ ಹೆಂಡತಿ ಸಾತವ್ವ ದೇಸೂರಿನಿಂದ ಬಂದಳು. ಕುಂದರು ಅಂದರೂ ಕೂರಲಿಲ್ಲ. ಸೆರಗಿನಿಂದ ರುಮಾಲು ತೆಗೆದು ಮೇಜಿನ ಮೇಲಿಟ್ಟಳು.

“ನೀವು ಕೊಟ್ಟ ಗಂಟಿನ್ಯಾಗ ಇದು ಇತ್ರಿ. ನಮ್ಮದಲ್ಲ, ತಗೋರಿ.”

“ನಿನ್ನ ಗಂಡನ ತಲಿ ಮ್ಯಾಲ ಇತ್ತಲ್ಲವಾ?”

“ಆಂವ ಜಲಮದಾಗ ಇಂಥಾದು ಸುತ್ತಿದಾಂವಲ್ಲ. ಕುಡುದು ಸತ್ತ ಅಂತ ಬರದ್ರಿ, ಊರಾಗ ತಲಿ ಎತ್ತದಂಗ ಆಗೇತಿ. ನಾಳೆ ಕಳ್ಳ ಅಂತನೂ ಬರದ್ರ ನಾ ಎಲ್ಲಿ ಹೋಗ್ಲಿ?”

“ಕುಡೀತಿದ್ದಿಲ್ಲೇನು ಆಂವ?”

“ಸಂತಿ ದಿನ ಕುಡೀತಿದ್ದ. ಯಾಕ ಸುಳ್ಳ ಹೇಳ್ಲಿ? ಅವತ್ತ ಕುಡದಿರಲಿಲ್ರಿ.”

ಅವಳು ಹೋದ ಮೇಲೆ ಬಾಳಪ್ಪ ರುಮಾಲನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನು ಖಾನಾಪುರದ ಕಡೆಯವನು.

“ಸಾಹೇಬ್ರ, ಇದು ಮಿಸ್ತ್ರಿಗೆ ಸುತ್ತೂದರೀ. ನಮ್ಮ ಕಡೆ ಪದ್ಧತಿ ಐತಿ. ಕಮಾನಿನ ಆಧಾರ ತಗಿಯೂ ದಿನ ಮಾಲಕರು ಮಿಸ್ತ್ರಿಗೆ ರುಮಾಲು ಕೊಡತಾರ. ಅದನ್ನ ಸುತಗೊಂಡು ಆಂವ ಒಬ್ಬನ ಕಮಾನಿನ ಕೆಳಗ ನಿಲ್ಲಬೇಕು. ನಾ ಕಟ್ಟಿದ್ದು ಬಿದ್ರ ನನ್ನ ಮ್ಯಾಲ ಬೀಳ್ಲಿ ಅಂತ.”

“ಇದನ್ನ ಅವತ್ತ ಹೇಳೂದು ಬಿಟ್ಟು...”

“ನೀವು ಬರದು ಮುಗಿಸಿದ್ರಿ, ಸಾಹೇಬ್ರ.”

ಗುರುಪುತ್ರಪ್ಪ ಮೇಜಿನ ಡ್ರಾವರು ಎಳೆದರು. ಅದರಲ್ಲಿ ಶವಪರೀಕ್ಷೆಯ ವರದಿ ಶನಿವಾರದಿಂದ ಒಡೆಯದೆ ಬಿದ್ದಿತ್ತು. ಮುಗಿದ ಪ್ರಕರಣ, ಯಾರು ಓದುತ್ತಾರೆ? ಈಗ ಒಡೆದರು. ಹೊಟ್ಟೆಯಲ್ಲಿ ಮದ್ಯದ ಅಂಶವಿಲ್ಲ. ಕಿವಿ ಬಿಸಿಯಾಯಿತು. ಬಾಳಪ್ಪ ಎದುರಿಗಿದ್ದಾನೆಂದು ಇನ್ನಷ್ಟು ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಇಬ್ಬರೂ ಮತ್ತೆ ಸ್ಟೇಷನ್ನಿಗೆ ಹೋದರು. ಗಾರೆ ಹೊರುವ ಕಾಡವ್ವನನ್ನು ಬದಿಗೆ ಕರೆದರು.

“ಬೆಣೆ ಬಡದವ್ರು ಯಾರು?”

“ಈ ಬಾಜು ಒಬ್ಬ, ಆ ಬಾಜು ಒಬ್ಬ, ಇಬ್ಬರು ಆಳುರೀ. ಮಿಸ್ತ್ರಿ ಹೂಂ ಅಂದ, ಬಡದ್ರು.”

“ಮಿಸ್ತ್ರಿ ಫೋನಿಗೆ ಹೋಗಿದ್ನಂತಲ್ಲ?”

“ಯಾವ ಫೋನರೀ? ಅದರಾಗ ಹಲ್ಲಿ ಸಂಸಾರ ಹೂಡೇತಿ!”

ಬಾಳಪ್ಪ ಆಫೀಸಿಗೆ ಹೋಗಿ ಫೋನೆತ್ತಿ ಕಿವಿಗಿಟ್ಟು ಬಂದ. ಸದ್ದೇ ಇಲ್ಲ. ಹೋದ ಮಳೆಗಾಲದಲ್ಲಿ ತಂತಿ ಹರಿದದ್ದನ್ನು ಯಾರೂ ಜೋಡಿಸಿರಲಿಲ್ಲ.

“ಭರಮಪ್ಪ ಯಾಕ ಕೆಳಗ ನಿಂತಿದ್ದ?”

ಕಾಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಮಿಸ್ತ್ರಿ ಬೆಳಿಗ್ಗಿಂದ ರುಮಾಲು ಸುತಗೊಂಡ ಇದ್ದ. ಹೊತ್ತ ಬಂದಾಗ ತನ್ನ ತಲಿಯಿಂದ ಬಿಚ್ಚಿ ಭರಮಣ್ಣನ ತಲಿಗೆ ಸುತ್ತಿದ. ‘ಒಂಬತ್ತ ವರ್ಷ ನನ್ನ ಕೂಡ ದುಡದೀದಿ, ಇವತ್ತ ನೀನ ಮಿಸ್ತ್ರಿ’ ಅಂದ. ಭರಮಣ್ಣ ನಮ್ಮ ಕಡೆ ತಿರುಗಿ ನಕ್ಕ. ಹೋಗಿ ನಡುವ ನಿಂತ.”

“ಇದನ್ನ ಅವತ್ತ ಯಾಕ ಹೇಳ್ಲಿಲ್ಲ?”

“ಕುಡೀತಿದ್ನೇನು ಅಂತ ಅಷ್ಟ ಕೇಳಿದ್ರಿ. ಅಷ್ಟ ಹೇಳಿದ್ವಿ.”

ಬೆಣೆ ಬಡಿದ ಆಳುಗಳಿಬ್ಬರೂ ಅದನ್ನೇ ಹೇಳಿದರು. ಹೇಳಿಕೆಗಳನ್ನು ಪಡೆದು, ಐಪಿಸಿ ಕಲಂ 304ರಂತೆ ಕೊಲೆಯಲ್ಲದ ನರಹತ್ಯೆ ಹಾಗೂ ಸುಳ್ಳು ಮಾಹಿತಿ ಕೊಟ್ಟ ಆರೋಪದಡಿ ಹೊಸ ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಜೀಪು ರಾಯಪ್ಪನ ಊರಾದ ಖಾನಾಪುರಕ್ಕೆ ಹೊರಟಿತು.

ರಾಯಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಂಡತಿ ಬಾಗಿಲಿಗೆ ಬಂದು “ಬರ್ರಿ, ಚಹಾ ಮಾಡ್ತೀನಿ” ಅಂದಳು. ಪೊಲೀಸರು ಯಾಕೆ ಬಂದರೆಂದು ಆಕೆಗೆ ಗೊತ್ತಿರಲಿಲ್ಲ, ಪಾಪ. ಗುರುಪುತ್ರಪ್ಪ ರುಮಾಲನ್ನು ರಾಯಪ್ಪನ ಮುಂದಿಟ್ಟರು.

“ಇದು ಯಾರದು?”

“ನಂದರೀ.”

“ಕಮಾನು ಬೀಳತೈತಿ ಅಂತ ಗೊತ್ತಿತ್ತೇನು?”

“ಬೀಳತೈತಿ ಅಂತ ಗೊತ್ತಿರಲಿಲ್ಲ. ನಿಲ್ಲತೈತಿ ಅಂತನೂ ಗೊತ್ತಿರಲಿಲ್ಲ.”

ಆಮೇಲೆ ತಾನಾಗಿಯೇ ಹೇಳುತ್ತ ಹೋದ. ಎಡಬದಿಯ ಬುಡದ ಕಲ್ಲುಗಳನ್ನು ಕೂರಿಸಿದ್ದು ಎಪ್ಪತ್ತಾರರಲ್ಲಿ. ಅಲ್ಲಿಗೇ ಕೆಲಸ ನಿಂತಿತು. ಐದು ಮಳೆಗಾಲ ನೀರು ಸಂದಿಗಿಳಿದು ಗಾರೆ ತಿಂದಿತು. ಕೆಲಸ ಮತ್ತೆ ಶುರುವಾದಾಗ ಎಂಜಿನಿಯರು ಕೇಳಿದ್ದರು, ಬಿಚ್ಚಿ ಕಟ್ಟಬೇಕೇನು ಅಂತ. ಎಲ್ಲ ಆಳುಗಳ ಮುಂದೆ ರಾಯಪ್ಪ ಮೀಸೆ ತಿರುವಿ, ನನ್ನ ಕಲ್ಲು ನನ್ನ ಮೊಮ್ಮಕ್ಕಳ ಕಾಲಕ್ಕೂ ಅಲುಗಾಡೂದಿಲ್ಲ ಅಂದಿದ್ದ.

“ಬೆಣೆ ಬಡಿಯೂದು ಬ್ಯಾಡ ಅಂತ ಒಂದ ಮಾತು ಹೇಳಬಹುದಿತ್ತಲ್ಲೋ!”

“ಹೆಂಗ ಹೇಳ್ಲಿ ಸಾಹೇಬ್ರ? ನಾ ಕಟ್ಟಿದ್ದರ ಮ್ಯಾಲ ನನಗ ನಂಬಿಕಿ ಇಲ್ಲ ಅಂತ ಯಾವ ಬಾಯಲೆ ಹೇಳ್ಲಿ? ನಾಚಿಕಿ ಬಂತರೀ. ಕೆಳಗ ನಿಲ್ಲಾಕ ಜೀವದ ಅಂಜಿಕಿ; ಭರಮಪ್ಪನ ಜೀವಕ್ಕಿಂತ ನನ್ನ ನಾಚಿಕಿನ ದೊಡ್ಡದಾತು.”

ಒಳಗೆ ಬಟ್ಟಲು ಬಿದ್ದ ಸದ್ದಾಯಿತು. ಅವನ ಹೆಂಡತಿ ಹೊರಗೆ ಬರಲಿಲ್ಲ. 1982ರ ಫೆಬ್ರುವರಿ 22ರಂದು ಸಂಜೆ ರಾಯಪ್ಪನನ್ನು ದಸ್ತಗಿರಿ ಮಾಡಲಾಯಿತು. ಜೀಪಿನಲ್ಲಿ ಅವನು ತಲೆ ಬಗ್ಗಿಸಿಯೇ ಕೂತಿದ್ದ. ಮುಂದಿನ ಸೀಟಿನಲ್ಲಿದ್ದ ಗುರುಪುತ್ರಪ್ಪನವರಿಗೆ ಈ ಮನುಷ್ಯನನ್ನು ಬಯ್ಯಬೇಕೆಂದರೆ ಬಾಯಿ ಬರಲಿಲ್ಲ. ಅವನು ಒಂದು ಸುಳ್ಳು ಹೇಳಿದ್ದ, ಅದಕ್ಕೆ ಸರಕಾರಿ ಮುದ್ರೆ ಒತ್ತಿದವರು ತಾವೇ ಅಲ್ಲವೇ?

ಮರುದಿನ ಅವರು ದೇಸೂರಿಗೆ ಹೋದರು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮಂದಿ ಇತ್ತು. ಸಾತವ್ವನನ್ನು ಕರೆಸಿ ಎಲ್ಲರ ಎದುರು ಗಟ್ಟಿಯಾಗಿ ಹೇಳಿದರು: “ಭರಮಪ್ಪ ಕುಡದಿರಲಿಲ್ಲ. ಬೆಣೆನೂ ಬಡದಿಲ್ಲ. ಮಿಸ್ತ್ರಿ ಆಂವನ್ನ ತನ್ನ ಜಾಗಾದಾಗ ನಿಲ್ಲಿಸಿದ. ನಾ ವಿಚಾರಿಸದ ಬರದಿದ್ದೆ. ತಪ್ಪಾತು.”

ಕಟ್ಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಆಡಿಕೊಂಡವರು ಅವರೇ ತಾನೆ. ಸಾತವ್ವ ಮಾತ್ರ ಅಳಲಿಲ್ಲ.

“ಇಲ್ಲಿ ಹೇಳಿದ್ರಿ, ಛಲೋ ಆತು. ಸಾಲಿಗೂ ಬಂದು ಹೇಳ್ರಿ. ನನ್ನ ಮಗಳು ಮಾಯಕ್ಕ ಮೂರನೇ ಇಯತ್ತ್ಯಾಗ ಅದಾಳ. ಹುಡುಗೂರು ಆಕೀನ ಕುಡುಕನ ಮಗಳು ಅಂತ ಕರೀತಾವ.”

“ಮಾಸ್ತರಿಗೆ ಹೇಳಿ ಕಳಸ್ತೀನವಾ.”

“ಮಾಸ್ತರು ಬರದಿರಲಿಲ್ರಿ, ನೀವು ಬರದಿದ್ರಿ.”

ಅವರು ಹೋದರು. ಬೂಟಿನ ಸದ್ದಿಗೆ ಮೂರನೆಯ ಇಯತ್ತೆಯ ಮಕ್ಕಳೆಲ್ಲ ಎದ್ದು ನಿಂತು ಒಂದೇ ರಾಗದಲ್ಲಿ ನಮಸ್ಕಾರ ಹೇಳಿದವು. ಕಿಟಕಿಯ ಪಕ್ಕದ ಒಂದು ಹುಡುಗಿ ಮಾತ್ರ ಪೊಲೀಸರನ್ನು ಕಂಡದ್ದೇ ಡೆಸ್ಕಿನ ಕೆಳಗೆ ಸರಿದು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಇಪ್ಪತ್ತು ವರ್ಷ ಕೋರ್ಟುಗಳಲ್ಲಿ ಸಾಕ್ಷಿ ನುಡಿದಿದ್ದ ಗುರುಪುತ್ರಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆ ಡೆಸ್ಕಿನ ಮುಂದೆ ಹೋಗಿ ಮಂಡಿಯೂರಿದರು. ಹೆಸರು ಹಿಡಿದು ಕರೆದರು.

“ಮಾಯಕ್ಕ, ಹೊರಗ ಬಾರವಾ. ಈ ಸಲ ತಪ್ಪು ಮಾಡಿದಾಂವ ನಾನು.”