ಜೋಳದ ದಂಟಿನ ಪಿಟೀಲು

ಝಾಗೊರ್ಯೆ ಗುಡ್ಡಗಳ ಆ ಹಳ್ಳಿಯಲ್ಲಿ ಮರದ ಆಟಿಕೆ ಕೆತ್ತುವುದು ಗಂಡಸರ ಕೆಲಸ, ಬಣ್ಣ ಬಳಿಯುವುದು ಹೆಂಗಸರದು. ಒಬ್ಬನ ಕುದುರೆಗೆ ಒಬ್ಬಳು ಬಣ್ಣ ಬಳಿಯತೊಡಗಿದಳೆಂದರೆ ಅವರಿಬ್ಬರ ಮದುವೆ ನಿಶ್ಚಯವಾದಂತೆಯೇ. ಹಾಗಿರುವಾಗ ಮೂರು ವರ್ಷದ ಹಿಂದೆ ವೀದ್ ತನ್ನ ನಲವತ್ತು ಕುದುರೆಗಳನ್ನು ಊರೆಲ್ಲ ಅವನಿಗೇ ಎಂದುಕೊಂಡಿದ್ದ ಬಾರಿತ್ಸಳನ್ನು ಬಿಟ್ಟು ದೋರಾಳಿಗೆ ಕೊಟ್ಟಿದ್ದ! ದೋರಾಳ ಜೊತೆ ಮದುವೆಯೇನೂ ನಡೆಯಲಿಲ್ಲ, ಆದರೂ ಊರಿಗೆ ಊರೇ ಬಾರಿತ್ಸಳನ್ನು ನೋಡಿ ನಕ್ಕಿತು. ಅಂದಿನಿಂದ ಬಾರಿತ್ಸ ಅವನ ನೆರಳು ಕಂಡರೂ ಕೆಂಡ ಕಾರುತ್ತಿದ್ದಳು.

ಇವತ್ತು ಶಾಲೆಯವರು ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿಬಿಟ್ಟಿದ್ದರು, ಮಕ್ಕಳಿಗೆ ಮುಸುಕಿನ ಜೋಳದ ದಂಟಿನಲ್ಲಿ ಪಿಟೀಲು ಮಾಡಲು ಕಲಿಸಿ ಎಂದು.

"ದಂಟು ಸೀಳೋದು ಹಾಗಲ್ಲ," ಎಂದಳು ಬಾರಿತ್ಸ.

"ಬಣ್ಣ ಬಳಿಯೋರು ಚಾಕುವಿನ ತಂಟೆಗೆ ಬರಬಾರ್ದು."

"ಬರಲ್ಲಪ್ಪ. ಭಾನುವಾರ ಚರ್ಚ್ ಹತ್ರ ಮದ್ವೆ ಆಗೋಣ ಅಂತಿರೋ ಗಿರಣಿ ಮಿಶ್ಕೊಗೆ ಹೂಂ ಅಂತೀನಿ. ಆಮೇಲೆ ನಿನ್ನ ಮುಖ ನೋಡೋ ಕರ್ಮವೂ ಇಲ್ಲ."

ವೀದನ ಚಾಕು ನಿಂತಿತು. ತಲೆ ಎತ್ತಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ಅದನ್ನು ಕಂಡು ಖುಷಿಯಾಯಿತಲ್ಲ ಎಂದು ಬಾರಿತ್ಸಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನು ತಂತಿಯಂತೆ ಸೀಳಿದ ಒಂದು ದಂಟಿನ ಮೇಲೆ ಇನ್ನೊಂದನ್ನು ಕಮಾನಿನಂತೆ ಉಜ್ಜಿದ. ಸದ್ದೇ ಇಲ್ಲ. ಮಕ್ಕಳು ಕಿಸಕ್ಕೆಂದರು.

"ಒಣ ದಂಟು ಹಾಡುತ್ತೇನೋ ದಡ್ಡ? ಉಗುಳು ಹಚ್ಚು!"

"ಬಾಯಿ ಒಣಗಿದೆ."

"ಯಾಕೋ?"

"ಮಿಶ್ಕೊ ಅಂದ್ಯಲ್ಲ."

ಅವಳು ದಂಟು ಕಸಿದುಕೊಂಡು ಥೂ ಎಂದು ಉಗಿದಳು. "ಮೂರು ವರ್ಷದಿಂದ ನಿನ್ನ ಮುಖಕ್ಕೇ ಉಗೀಬೇಕು ಅಂತಿದ್ದೆ. ನನ್ನ ಕುದುರೆಗಳನ್ನ ಅವಳಿಗ್ಯಾಕೆ ಕೊಟ್ಟೆ?"

"ಪ್ಲಮ್ ಜಾಮ್ ಕುದಿಸುವಾಗ ನೀನು ಕೈ ಸುಟ್ಕೊಂಡಿದ್ದೆ. ಕುಂಚ ಹಿಡಿದ್ರೆ ಕಣ್ಣಲ್ಲಿ ನೀರು ಬರ್ತಿತ್ತು ನಿಂಗೆ. ನೋಡಕ್ಕಾಗ್ಲಿಲ್ಲ."

"ಅದನ್ನ ಹೇಳೋಕೇನಾಗಿತ್ತು? ಬಾಯಲ್ಲಿ ಕಡುಬು ತುರುಕ್ಕೊಂಡಿದ್ಯಾ?"

"ಹೇಳೋಕೆ ಬಂದೆ. ನೀನು ಬಣ್ಣದ ಡಬ್ಬಿ ಎಸೆದೆ. ಎರಡು ವಾರ ನಾನು ಹಸಿರು ತಲೆ ಹೊತ್ಕೊಂಡು ತಿರುಗಿದೆ."

ನಿಜ, ಎಸೆದಿದ್ದಳು. ಗುರಿಯಿಟ್ಟೇ ಎಸೆದಿದ್ದಳು. ಈಗ ನಗು ಬರುತ್ತಿತ್ತು; ನುಂಗಿಕೊಂಡಳು.

"ಬಾರ್ಸು," ಎಂದು ದಂಟನ್ನು ಅವನ ಕೈಗೆ ತುರುಕಿದಳು.

ಪಿಟೀಲು ಕಿರ್ರೆಂದಿತು. ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದರು.

"ದೋರಾ ಬಳಿದ ಕುದುರೆಗೆಲ್ಲ ಮೆಳ್ಳಗಣ್ಣು," ಎಂದಳು ಅತ್ತ ತಿರುಗಿಕೊಂಡೇ.

"ಗೊತ್ತು. ಒಂದೂ ಮಾರಿಲ್ಲ. ಅಷ್ಟರ ಬಣ್ಣಾನೂ ಕೆರೆದು, ಬರೀ ಮರ ಮಾಡಿ ಇಟ್ಟಿದೀನಿ."

ಬಾರಿತ್ಸ ಸರಕ್ಕನೆ ಅವನತ್ತ ತಿರುಗಿದಳು. ಆಮೇಲೆ ಗದರಿದಳು: "ಶನಿವಾರ ಕುದುರೆಗಳನ್ನ ತಂದು ಹಾಕು. ಭಾನುವಾರ ಬಣ್ಣದ ಕೈಲೇ ಚರ್ಚಿಗೆ ಬರ್ತೀನಿ. ಮಿಶ್ಕೊ ನೋಡ್ಲಿ, ಊರೂ ನೋಡ್ಲಿ."

"ನಲವತ್ತೂ? ಒಂದೇ ದಿನಕ್ಕೆ?"

"ಒಂದು ಸಾಕು ಕಣೋ, ದಡ್ಡ."