ಹೊರಗೆ ಹಚ್ಚಲು ಮಾತ್ರ

ಜೀಪು ಶೆಡ್ಡಿನಲ್ಲೇ ಇತ್ತು. ಶಿವಯ್ಯನ ಹೆಂಡತಿ ದೇವೀರಮ್ಮ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದರೂ ಎಸ್ಟೇಟಿನ ಧಣಿ ಲಕ್ಕಪ್ಪಗೌಡರು ಅದನ್ನು ಕೊಡಲಿಲ್ಲ. "ಬೆಳಿಗ್ಗೆ ಯಸಳೂರಿಂದ ಬಸ್ ಐತಲ್ಲೋ ಶಿವಯ್ಯ, ಅದ್ರಲ್ಲಿ ಕರ್ಕೊಂಡೋಗು" ಎಂದರು. ಬಸ್ಸು ಬರುವ ಮೊದಲೇ ಹೆಂಡತಿ, ಮಗು ಇಬ್ಬರೂ ಹೋದರು. ಆಮೇಲೂ ಎರಡು ವರ್ಷ ಶಿವಯ್ಯ ಅದೇ ಎಸ್ಟೇಟಿನ ಕಾಫಿ ಸ್ಟೋರಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ದುಡಿದ. ಭಾರಿ ಕಟ್ಟುನಿಟ್ಟಿನವನು, ಬೀಡಿ ಸೇದಿ ಬಂದವರನ್ನು ಬಾಗಿಲಲ್ಲೇ ಬೈದು ಕಳಿಸುತ್ತಿದ್ದ. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಆ ಮನುಷ್ಯ ಸಾಯಬೇಕು, ತಾನು ಅದನ್ನು ಕಣ್ಣಾರೆ ನೋಡಬೇಕು.

ದಾರಿ ತೋರಿಸಿದ್ದು ಗೌಡರ ಕೆಮ್ಮು. ದೊಡ್ಡಪತ್ರೆ, ತುಳಸಿ, ಶುಂಠಿಯ ರಸವನ್ನು ಅವರು ಲೋಟಗಟ್ಟಲೆ ಕುಡಿಯುತ್ತಿದ್ದರು. "ಗಿಡದ್ದು ಕಣೋ ಮಾರಾಯ, ಏನ್ ಕೇಡಾಯ್ತದೆ?" ಎನ್ನುತ್ತಿದ್ದರು. ನೀಲಗಿರಿ ಎಣ್ಣೆಯೂ ಗಿಡದ್ದೇ ಅಲ್ಲವೇ ಎಂದುಕೊಂಡು ಶಿವಯ್ಯ ನಕ್ಕ. ಹಾಸನದಲ್ಲಿ ಗುರುತಿಲ್ಲದ ಅಂಗಡಿಯಲ್ಲಿ ಕೊಂಡ ಸೀಸೆಯ ಮೇಲೆ 'ಹೊರಗೆ ಹಚ್ಚಲು ಮಾತ್ರ' ಎಂದು ಅಚ್ಚಾಗಿತ್ತು.

ಹದಿನೈದು ದಿನ ಸಮಯ ಕಾದ. ಅಲ್ಲಿಯವರೆಗೆ ಸೀಸೆ ತಾಯಿ ಮಾದಮ್ಮನ ಕಣ್ಣಿಗೆ ಬೀಳದಂತೆ ಕಾಫಿಪುಡಿ ಡಬ್ಬಿಯಲ್ಲಿ ಹೂತಿಟ್ಟ. ಹೆಂಡತಿ ಹೋದ ಮೇಲೆ ಅವನು ಕಾಫಿ ಬಿಟ್ಟಿದ್ದ, ತಾಯಿ ಗಂಜಿ ಕುಡಿಯುವವಳು. ಡಬ್ಬಿ ತೆಗೆಯುತ್ತಿದ್ದುದು ಯಾರಾದರೂ ಬಂದಾಗ ಮಾತ್ರ.

ಗೌಡರು ರಸದ ಪಾತ್ರೆಯನ್ನು ಜಗುಲಿಯಲ್ಲೇ ಬಿಟ್ಟು ತೋಟ ಸುತ್ತಲು ಹೋದಾಗ ಶಿವಯ್ಯ ಅದಕ್ಕೆ ಎಣ್ಣೆ ಬೆರೆಸಿದ. "ಇವತ್ತು ಘಾಟು ಜಾಸ್ತಿ" ಎಂದು ಮುಖ ಕಿವುಚಿಕೊಂಡೇ ಅವರು ಕುಡಿದರು. ಸಂಜೆ ಕುಸಿದು ಬಿದ್ದಾಗ ಜೀಪು ತಕ್ಷಣ ಹೊರಟಿತು. ಸಕಲೇಶಪುರ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶಿವಯ್ಯನ ಹೊಟ್ಟೆ ತಣ್ಣಗಾಯಿತು. ಲೋಟ, ರಸದ ಪಾತ್ರೆ ತೊಳೆದಿಟ್ಟ. ಖಾಲಿ ಸೀಸೆಯನ್ನು ಹೇಮಾವತಿ ಹೊಳೆಗೆ ಎಸೆದ.

ಮೂರನೇ ದಿನ ಪೊಲೀಸ್ ದಫೇದಾರ್ ಹಮೀದ್ ಮನೆಗೆ ಬಂದರು. "ಹೊಟ್ಟೇಲಿ ನೀಲಗಿರಿ ಎಣ್ಣೆ ಇತ್ತು ಅಂತಾರೆ ಡಾಕ್ಟ್ರು. ಎಲ್ಲರ ಮನೇನೂ ನೋಡ್ತಿದೀವಿ. ನಿನ್ ಹತ್ರ ಐತಾ?"

"ಅದು ಹೆಂಗಿರ್ತದೆ ಅಂತಲೂ ಗೊತ್ತಿಲ್ಲ ದಫೇದಾರ್ರೆ. ನಮ್ಮನೇಗೆ ಯಾವತ್ತೂ ತಂದಿಲ್ಲ."

ಹಮೀದ್ ಪೆಟ್ಟಿಗೆ, ಅಟ್ಟ, ಹಾಸಿಗೆ ಎಲ್ಲ ತಡಕಿದರು. ಏನೂ ಸಿಗಲಿಲ್ಲ. ಟೋಪಿ ಹಾಕಿಕೊಂಡು ಎದ್ದರು.

"ಮನೇಗೆ ಬಂದೋರು ಹಂಗೇ ಹೋಗ್ಬಾರ್ದು, ತಡೀರಿ" ಎಂದು ಮಾದಮ್ಮ ಕಾಫಿ ತಂದು ಕೊಟ್ಟಳು. ಹಮೀದ್ ಒಂದು ಗುಟುಕು ಕುಡಿದು ನಿಂತುಬಿಟ್ಟರು. ಲೋಟವನ್ನು ಮೂಗಿನ ಹತ್ತಿರ ಹಿಡಿದರು, ಆಮೇಲೆ ಶಿವಯ್ಯನನ್ನು ನೋಡಿದರು. ಆ ಹೊತ್ತಿಗೆ ನೀಲಗಿರಿಯ ಘಾಟು ಅವನ ಮೂಗಿಗೂ ಬಡಿದಿತ್ತು. ಪಕ್ಕದಲ್ಲಿ ಏನಿಟ್ಟರೂ ಕಾಫಿ ಅದರ ವಾಸನೆ ಎಳೆದುಕೊಳ್ಳುತ್ತದೆ ಎಂದು ಹದಿನೆಂಟು ವರ್ಷ ಸ್ಟೋರಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಬೈದು ಹೇಳಿದವನು ಅವನೇ.