ಮೂರನೆಯ ಜೊತೆ ಬೂಟು

“ಬರೋವರ ಅಳತೆ ಮಾತ್ರ ಬರೀಬೇಕು ಅಮ್ಮಾ. ಬರದೇ ಇರೋವರದ್ದು ಬರೆದ್ರೆ ಅವರೂ ಬಂದುಬಿಡ್ತಾರೆ.”

ಫೋನಿನ ಆ ತುದಿಯಲ್ಲಿದ್ದವಳು ಬೆಟ್ಟದೂರಿನಲ್ಲಿ ಹಿಮದ ಮೇಲೆ ಜಾರುವ ಸ್ಕೀ ಹಲಗೆ, ಬೂಟು ಬಾಡಿಗೆಗೆ ಕೊಡುವ ಅಜ್ಜಿ. ಈ ತುದಿಯಲ್ಲಿದ್ದವಳು ಹದಿನಾರು ವರ್ಷ ಭೌತಶಾಸ್ತ್ರ ಕಲಿಸಿದ ಟೀಚರಮ್ಮ. ದೆವ್ವ ಭೂತ ಎಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ಅಜ್ಜಿಯನ್ನು ಬಿಟ್ಟಾಳೆಯೇ?

“ಬರ್ಲಿ ಬಿಡಿ ಅಜ್ಜಿ. ಒಂದು ಬಸ್ ಟಿಕೆಟ್ ಉಳೀತು.”

ಆ ಕಡೆಯಿಂದ ಫೋನ್ ಇಟ್ಟ ಸದ್ದು ಮಾತ್ರ ಬಂತು.

ಊಟದ ಮೇಜಿನ ತುಂಬ ನಕ್ಷೆ, ಬಸ್ಸಿನ ವೇಳಾಪಟ್ಟಿ, ಉಣ್ಣೆಯ ಕಾಲುಚೀಲ ಹರಡಿದ್ದವು. ಆ ಊರನ್ನು ಹುಡುಕಿದವನು ಟೀಚರಮ್ಮನ ಗಂಡ. ‘ಎಲ್ಲರೂ ಹೋಗೋ ಬೆಟ್ಟಕ್ಕೆ ಹೋದ್ರೆ ಹಿಮ ಕಾಣಲ್ಲ ಕಣೇ, ಜನರ ಬೆನ್ನು ಕಾಣುತ್ತೆ’ ಎಂದು, ಯಾರೂ ಕೇಳಿರದ ಊರನ್ನು ನಕ್ಷೆಯ ಮೂಲೆಯಲ್ಲಿ ಪತ್ತೆಮಾಡಿದ್ದ. ಮೊದಲ ಚಳಿಗಾಲ ರಜೆ ಸಿಗಲಿಲ್ಲ. ಎರಡನೆಯದು ಆಸ್ಪತ್ರೆಯಲ್ಲಿ ಕಳೆಯಿತು. ಮೂರನೆಯದು ಬರುವಷ್ಟರಲ್ಲಿ ಅವನಿರಲಿಲ್ಲ. ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅವನು ಪೆನ್ಸಿಲಿನಲ್ಲಿ ಮೂವರ ಹೆಸರು ಬರೆದಿಟ್ಟ ಪ್ರಯಾಣದ ಪಟ್ಟಿ ಮಾತ್ರ ಉಳಿದಿತ್ತು.

“ಅಪ್ಪ ಹೋಗೋಣ ಅಂದಿದ್ದ. ಹೋಗ್ಲೇಬೇಕು” ಎಂದು ಒಂಬತ್ತು ವರ್ಷದ ಮಗಳು ಹಟ ಹಿಡಿದಳು. ಮನೆಯಲ್ಲಿ ಅವಳನ್ನು ಪಟಾಕಿ ಎಂದೇ ಕರೆಯುವುದು, ಅಷ್ಟು ಮಾತು. ದಿನಕ್ಕೆ ಹತ್ತು ಸಲ ಅಪ್ಪನ ಸುದ್ದಿ ತೆಗೆಯುವಳು, ಅವನು ಸೀನುವ ರೀತಿಯನ್ನೂ ಮಾಡಿ ತೋರಿಸುವಳು. ಆ ಮನೆಯಲ್ಲಿ ಅವನು ಇನ್ನೂ ಓಡಾಡುತ್ತಿದ್ದದ್ದು ಆ ಹುಡುಗಿಯ ಬಾಯಲ್ಲಿ. ಟೀಚರಮ್ಮ ಬದುಕಿದ್ದದ್ದೂ ಅದನ್ನು ಕೇಳಿಕೊಂಡೇ.

ಎರಡು ಬಸ್ಸು ಬದಲಿಸಿ ಬೆಟ್ಟದೂರು ತಲುಪಿದರು. ಅಜ್ಜಿಯ ಅಂಗಡಿ ನೆಲಮಾಳಿಗೆಯಲ್ಲಿತ್ತು. ಒದ್ದೆ ಉಣ್ಣೆ, ಮೇಣ, ಹಳೆಯ ಬೆವರಿನ ವಾಸನೆ. ಒಂದೇ ಬಲ್ಬು. ಗೋಡೆಯುದ್ದಕ್ಕೂ ಬೂಟುಗಳ ಸಾಲು. ಅಜ್ಜಿ ದಪ್ಪ ರಟ್ಟಿನ ಪುಸ್ತಕ ತೆರೆದಿಟ್ಟಳು. ಎತ್ತರ, ತೂಕ, ಪಾದದ ಉದ್ದ. ಬಿದ್ದಾಗ ಸ್ಕೀ ಬೂಟಿನಿಂದ ಕಳಚಿಕೊಂಡರೆ ಕಾಲು ಉಳಿಯುತ್ತದೆ; ಎಷ್ಟು ಬಿಗಿಗೆ ಕಳಚಬೇಕೆಂಬುದನ್ನು ತೂಕ ನೋಡಿ ಹೊಂದಿಸುತ್ತಾರೆ. ಹಾಗಾಗಿ ಅಳತೆಯನ್ನು ಅವರವರೇ ಕೈಯಾರೆ ಬರೆಯಬೇಕು, ಮಕ್ಕಳದ್ದನ್ನು ಹೆತ್ತವರು.

ಟೀಚರಮ್ಮ ತನ್ನದು ಬರೆದಳು, ಮಗಳದು ಬರೆದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಟ್ಟಿಯಲ್ಲಿ ಮೂರು ಹೆಸರಿತ್ತಲ್ಲ. ಒಂದನ್ನು ಬಿಟ್ಟು ಎರಡನ್ನು ಬರೆಯುವುದು ಅವಳ ಕೈಲಾಗಲಿಲ್ಲ. ಗಂಡನ ತೂಕದ ಕಡೆ ಬಂದಾಗ ಪೆನ್ನು ತಡೆಯಿತು. ಆಸ್ಪತ್ರೆಯ ಕೊನೆಯ ವಾರ ಅವನು ನಲವತ್ತಾರು ಕೆಜಿ ಇದ್ದ. ಅವಳು ಎಪ್ಪತ್ತೆಂಟು ಎಂದು ಬರೆದಳು.

“ಇವರೆಲ್ಲಿ?” ಅಜ್ಜಿ ಕೇಳಿದಳು.

“ತೀರ್ಕೊಂಡಿದ್ದಾರೆ.”

ಅಜ್ಜಿ ತಗ್ಗಿದ ದನಿಯಲ್ಲಿ ಹೇಳಿದಳು. “ಆ ಹೆಸರು ಹೊಡೆದುಹಾಕು ತಾಯಿ. ಈಗಲೇ. ನನ್ನ ಗಂಡ ಈ ಬೆಟ್ಟದಲ್ಲೇ ಹೋದ. ಹೆಣ ಸಿಗಲಿಲ್ಲ. ಯಾರ ಅಳತೆ ಬರೆದ್ರೋ ಅವರು ಬಂದೇ ಬರಬೇಕು ಅಂತ ನಮ್ಮತ್ತೆ ಈ ಅಂಗಡಿ ಪುಸ್ತಕಕ್ಕೆ ಮಾಟ ಮಾಡಿಸಿ ಅವನ ಅಳತೆ ಬರೆದ್ಲು. ಬಂದ. ಬಂದವನು ಒಬ್ಬನೇ ಹೋಗಲಿಲ್ಲ, ನನ್ನ ಮಗಳನ್ನ ಕರ್ಕೊಂಡು ಹೋದ. ಪುಸ್ತಕ ಸುಟ್ಟೆ. ಹೊಸ ಪುಸ್ತಕಕ್ಕೂ ಅದೇ ಹತ್ತಿಕೊಂಡಿದೆ.”

“ಪಾಪ” ಎಂದಳು ಟೀಚರಮ್ಮ, ಹುಚ್ಚಿಗೆ ಹೇಳುವ ಹಾಗೆ. “ಹೊಡೆಯೋದು ನನ್ನ ಕೈಲಿ ಆಗಲ್ಲ ಅಜ್ಜಿ. ಮೂರು ಜೊತೆ ಕೊಡಿ.”

ಮೂರನೆಯ ಜೊತೆ ಬೂಟನ್ನು ಸ್ಕೀ ಸಮೇತ ವಸತಿಗೃಹದ ಬಾಗಿಲ ಬಳಿ ಇಟ್ಟಳು. ಮಾರನೆಯ ಬೆಳಿಗ್ಗೆ ಅದು ಅಲ್ಲಿರಲಿಲ್ಲ. ಯಾರೋ ತಪ್ಪಿ ಹಾಕಿಕೊಂಡು ಹೋಗಿರಬೇಕು ಎಂದುಕೊಂಡಳು. ಊರಿಗೆಲ್ಲ ತರ್ಕ ಕಲಿಸಿದವಳಿಗೆ ಅದೇ ಸರಿ ಕಂಡಿತು.

ಮಧ್ಯಾಹ್ನ ಕಲಿಯುವವರ ಇಳಿಜಾರಿನಲ್ಲಿ ತಾಯಿ ಮಗಳು ಬಿದ್ದರು, ಎದ್ದರು, ನಕ್ಕರು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ನಕ್ಕರು. ಆಗ ಮಂಜು ಇಳಿಯಿತು. ಸದ್ದಿಲ್ಲದೆ. ಮರಗಳು ಹೋದವು. ಅಂಗಡಿ ಕಟ್ಟಡದ ಮಾಡು ಹೋಯಿತು. ಮಗಳ ಕೆಂಪು ಟೋಪಿ ಮಾತ್ರ ಉಳಿಯಿತು.

“ಅಮ್ಮಾ! ಅಪ್ಪ ಬಂದ!”

ಟೋಪಿಯೂ ಹೋಯಿತು.

ಟೀಚರಮ್ಮ ಸ್ಕೀ ಕಳಚಿ ಎಸೆದು ಓಡಿದಳು. ಹಿಮದ ಮೇಲೆ ಎರಡು ಜೊತೆ ಸ್ಕೀ ಗೆರೆ. ಒಂದು ಸಣ್ಣದು. ಪಕ್ಕದಲ್ಲಿ ಇನ್ನೊಂದು, ಅಗಲ, ಆಳ. ಗಾಳಿಯಲ್ಲಿ ಗಡ್ಡದ ಸೋಪಿನ ವಾಸನೆ. ಅವನದೇ. ಮಂಜು ಒಂದಿಷ್ಟು ಸರಿಯಿತು. ಅವನು ನಿಂತಿದ್ದ. ತುಂಬಿದ ಕೆನ್ನೆ, ಅಗಲ ಭುಜ. ಕಾಯಿಲೆಯ ಸುಳಿವೇ ಇಲ್ಲ. ಮಗಳ ಕೈ ಹಿಡಿದು ಅವಳತ್ತ ನೋಡಿ ನಕ್ಕ.

ದೇವರಾಣೆ, ಅವಳಿಗೆ ಭಯವಾಗಲಿಲ್ಲ. ಖುಷಿಯಾಯಿತು. ಮೂವರೂ ಹೋಗಿಬಿಡೋಣ ಎನಿಸಿತು. ಒಂದು ಹೆಜ್ಜೆ ಇಟ್ಟಳು ಕೂಡ.

ಆಗ ಗೆರೆಗಳನ್ನು ಕಂಡಳು. ಮಗಳದು ತೆಳುವಾಗುತ್ತಾ ಹೋಗಿತ್ತು. ಇನ್ನೂ ತೆಳು. ಕೊನೆಗೆ ಇಲ್ಲ. ಹುಡುಗಿ ಹಿಮದ ಮೇಲೆಯೇ ನಿಂತಿದ್ದಳು, ಹಿಮ ತಗ್ಗಿರಲಿಲ್ಲ. ಮಗಳಿಗೆ ತೂಕವೇ ಇರಲಿಲ್ಲ.

“ಪಟಾಕಿ! ಬಾರೇ!”

ಮಗಳು ತಿರುಗಲಿಲ್ಲ. ಟೀಚರಮ್ಮ ಕೈ ಚಾಚಿದಳು. ಸಿಕ್ಕಿದ್ದು ಮಂಜು. ಮತ್ತೆ ಚಾಚಿದಳು. ಮತ್ತೆ ಮಂಜು. ಇಬ್ಬರೂ ಮೇಲಕ್ಕೆ ಜಾರುತ್ತಿದ್ದರು.

ತಿರುಗಿ ಅಜ್ಜಿಯ ಅಂಗಡಿಗೆ ಓಡಿದಳು. ಬಿದ್ದಳು. ಎದ್ದಳು. ಮೊಣಕಾಲು ಒಡೆಯಿತು. ಮೆಟ್ಟಿಲು. ಕತ್ತಲು. ಮೇಣದ ವಾಸನೆ. ಅಜ್ಜಿ ಪುಸ್ತಕ ತೆರೆದೇ ಕೂತಿದ್ದಳು.

“ಪೆನ್ನು ಕೊಡಿ!”

ಅಜ್ಜಿ ಅವಳ ಮಣಿಕಟ್ಟು ಹಿಡಿದಳು. “ಬರೆದವರು ಹೊಡೆದ್ರೆ ಹೋಗ್ತಾನೆ. ನಮ್ಮತ್ತೆ ಹೊಡೀಲಿಲ್ಲ. ಆದ್ರೆ ಕೇಳು, ಯಾರ ಕೈ ಹಿಡಿದಿದ್ದಾನೋ ಅವರಿಂದ ಪೂರ್ತಿ ಹೋಗ್ತಾನೆ. ಒಂದು ಚೂರೂ ಉಳಿಯಲ್ಲ.”

“ಹೋಗ್ಲಿ!” ಟೀಚರಮ್ಮ ಕಿರುಚಿದಳು. “ಹೋಗ್ಲಿ ಅಂದೆನಲ್ಲ!”

ಹೆಸರಿನ ಮೇಲೆ ಗೆರೆ ಎಳೆದಳು. ಕಾಗದ ಹರಿಯಿತು. ಎತ್ತರ ಹೊಡೆದಳು. ಪಾದ ಹೊಡೆದಳು. ಎಪ್ಪತ್ತೆಂಟು ಉಳಿಯಿತು. ಅದನ್ನೂ ಹೊಡೆದಳು. ಗಂಡ ಸತ್ತ ದಿನವೂ ಅವಳು ಅಷ್ಟು ದೊಡ್ಡದಾಗಿ ಅತ್ತಿರಲಿಲ್ಲ.

ಮೇಲೆ ಬಂದಾಗ ಮಂಜು ಹರಿದಿತ್ತು. ಮಗಳು ಇಳಿಜಾರಿನ ಬುಡದಲ್ಲಿ ಕೂತು ಬೂಟಿನೊಳಗಿನ ಹಿಮ ಕೊಡವುತ್ತಿದ್ದಳು. ಟೀಚರಮ್ಮ ಅವಳನ್ನು ಬಾಚಿ ಎತ್ತಿಕೊಂಡಳು. ಭಾರವಿತ್ತು. ಪುಣ್ಯಕ್ಕೆ ಒಳ್ಳೇ ಭಾರವಿತ್ತು.

“ಯಾರ ಜೊತೆ ಹೋಗಿದ್ದೆ?”

“ಯಾರೂ ಇರ್ಲಿಲ್ವಲ್ಲ. ನಾನೊಬ್ಳೇ ಆಡ್ತಿದ್ದೆ.”

ಅದೇ ಸಂಜೆಯ ಬಸ್ಸು ಹಿಡಿದರು. ಬಸ್ಸಿನಲ್ಲಿ ಪಟಾಕಿ ಹಿಮದ ಸುದ್ದಿ ಹೇಳಿದಳು, ಶಾಲೆಯ ಸುದ್ದಿ ಹೇಳಿದಳು. ಅಪ್ಪನ ಸುದ್ದಿ ಬರಲಿಲ್ಲ. ಟೀಚರಮ್ಮ ಕಾದಳು. ಕೊನೆಗೆ ಪರ್ಸಿನಿಂದ ಮದುವೆಯ ಫೋಟೋ ತೆಗೆದು ಕೊಟ್ಟಳು.

ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ನೀನು ಚೆನ್ನಾಗಿದೀಯ. ಇವರು ಯಾರಮ್ಮ?”

“ನಿಮ್ಮಪ್ಪ.”

“ಓ” ಎಂದಳು ಮಗಳು. ಪರಿಚಯವಿಲ್ಲದವರ ಬಗ್ಗೆ ಕೇಳುವಷ್ಟೇ ಮರ್ಯಾದೆಯಿಂದ ಕೇಳಿದಳು. “ಅವರಿಗೆ ನಾನು ಗೊತ್ತಿದ್ನಾ ಅಮ್ಮ?”

ಗೊತ್ತಿದ್ದೆ ಕಂದಾ ಎಂದು ಹೇಳಲು ಟೀಚರಮ್ಮ ಬಾಯಿ ತೆರೆದಳು. ಮಗಳು ಉತ್ತರಕ್ಕೆ ಕಾಯದೆ ಫೋಟೋವನ್ನು ಅಮ್ಮನ ಮಡಿಲಲ್ಲಿಟ್ಟು, ಕಿಟಕಿಯಾಚೆ ನೋಡತೊಡಗಿದಳು.